ಅರ್ಧ ಟೊಳ್ಳು

...ಇಲ್ಲ, ಕೂರಲ್ಲ. ಕೂರೋಕೆ ಬಂದಿಲ್ಲ ನಾನು. ಮೊದಲು ಈ ಪೆಟ್ಟಿಗೆ ತೆಗೀರಿ. ನೀವೇ ತೆಗೀರಿ ಭಾವ, ಮೊನ್ನೆ ಮುಚ್ಚಿ ಕೊಟ್ಟವರು ನೀವೇ ತಾನೆ! "ತಗೊಳಪ್ಪ, ಹೊಸದರ ಹಾಗಿದೆ" ಅಂತ ಬೆನ್ನು ತಟ್ಟಿ ಕಳಿಸಿದ್ರಿ. ಹೊಸದರ ಹಾಗೆ! ನನ್ನ ಗಿಟಾರ್‌ನ ಕೊಂದು ಪೆಟ್ಟಿಗೇಲಿ ಹಾಕಿ ಕೊಟ್ಟಿದ್ದೀರಿ.

ಯಾಕೆ ನಗ್ತೀರಿ?

ನಗಬೇಡಿ. ಅಕ್ಕನ ಗಂಡ ಅಂತ ತಡ್ಕೊಂಡಿದ್ದೀನಿ. ಬೇರೆ ಯಾವನಾದ್ರೂ ರಿಪೇರಿಯವನಾಗಿದ್ರೆ ಇಷ್ಟು ಹೊತ್ತಿಗೆ ಈ ಮೇಜಿನ ಮೇಲಿರೋ ಸಾಮಾನೆಲ್ಲ ನೆಲದ ಮೇಲಿರ್ತಿತ್ತು.

ಏನು? ...ಏನಂದ್ರಿ? ಬೆನ್ನು ತಿರುಗಿಸ್ಕೊಂಡು ಗೋಡೆ ಜೊತೆ ಮಾತಾಡಬೇಡಿ. ಬಂದವರ ಮುಖ ನೋಡಿ ಮಾತಾಡಬೇಕು, ಅದು ಮರ್ಯಾದೆ. ಹಾಂ, ಹಾಗೆ. ಆ ಬೆಸುಗೆ ಕಡ್ಡಿ ಕೆಳಗಿಡಿ. ಈಗ ಹೇಳಿ.

...ಬಿಗಿನಾ? ಬಿಗಿಯಾಗೇ ಇದೆ! ತಂತಿ ಸಡಿಲ ಇದ್ರೆ ನನಗೆ ಗೊತ್ತಾಗಲ್ವಾ? ಹೊಸ ತಂತಿ, ನಾನೇ ಹಾಕಿದ್ದು, ನಾನೇ ಬಿಗಿ ಮಾಡಿದ್ದು. ಅದಲ್ಲ ತೊಂದರೆ. ದಪ್ಪ ತಂತಿಗಳು ಸರಿಯಾಗೇ ಇವೆ, ಗುಂಯ್ ಅಂತವೆ. ಸಣ್ಣ ತಂತಿಗೆ ಬನ್ನಿ... ಜೀವ ಇಲ್ಲ. ಕಂಬಳಿ ಹೊದ್ದು ಮಲಗಿರೋ ಹಾಗೆ. ಆ ಹೊಳಪು, ಆ ಕಿಣಿ ಕಿಣಿ... ಎಲ್ಲಿಟ್ರಿ ಅದನ್ನ? ಬಿಚ್ಚಿದಾಗ ಗುಡಿಸಿ ಕಸಕ್ಕೆ ಹಾಕಿದ್ರಾ?

ಒಂದು ಗುಂಡಿ ತಿರುಗಿಸಿದ್ರೆ ಕರ ಕರ ಅಂತಿತ್ತು. ಅಷ್ಟೇ ಇದ್ದದ್ದು ಕಾಯಿಲೆ! ಅದೊಂದು ಗುಂಡಿ ಬದಲಾಯಿಸಿ ಅಂದೆ. ಪೂರ್ತಿ ಗಟ್ಟಿ ಮರದ ಹಲಗೆ ಗಿಟಾರ್ ಆಗಿದ್ರೆ ಹಿಂದೆ ಮುಚ್ಚಳ ಇರುತ್ತೆ, ಬಿಚ್ಚಿದ್ರೆ ಮುಗೀತು. ಇದಕ್ಕೆ ಮುಚ್ಚಳ ಇಲ್ಲ, ಎದೆ ಮೇಲೆ ಆ ಎರಡು ಡೊಂಕು ತೂತು ಬಿಟ್ರೆ ದಾರೀನೇ ಇಲ್ಲ. ಗುಂಡಿಗಳನ್ನ ದಾರಕ್ಕೆ ಕಟ್ಟಿ, ಆ ತೂತಿನಿಂದ ಹೊರಗೆಳೆದು, ಮತ್ತೆ ಪೈಜಾಮಕ್ಕೆ ಲಾಡಿ ಪೋಣಿಸೋ ಹಾಗೆ ಒಳಗೆ ಪೋಣಿಸಬೇಕು. ಗೊತ್ತು, ಕಷ್ಟದ ಕೆಲಸ. ಅದಕ್ಕೇ ಕೇಳ್ತಿದ್ದೀನಿ, ಒಳಗೆ ಏನು ಬಿಟ್ಟಿದ್ದೀರಿ? ಹತ್ತಿ? ಸ್ಪಂಜು? ಟಾರ್ಚ್ ಕೊಡಿ ಇಲ್ಲಿ.

...

ಆಯ್ತು. ಏನೂ ಇಲ್ಲ. ತಲೆ ಅಲ್ಲಾಡಿಸಬೇಡಿ, ಇಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ! ಹಾಗಾದ್ರೆ ಹೊಳಪು ತಗ್ಗಿಸೋ ಆ ಕೆಪಾಸಿಟರ್. ಬದಲಾಯಿಸಿದ್ರಿ ತಾನೆ? ...ಅದೇನಾ? ಹಳೇದೇನಾ? ಸರಿ, ಕಾಣಿಸ್ತು, ಮೂಗಿಗೆ ತಗುಲಿಸಬೇಡಿ.

ನೋಡಿ ಭಾವ, ನಾನು ಸುಮ್ಮನೆ ಕೂಗಾಡೋಕೆ ಬಂದವನಲ್ಲ. ಎಲ್ಲ ಪರೀಕ್ಷೆ ಮಾಡಿಯೇ ಬಂದಿದ್ದೀನಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಉಳಿದಿದ್ದನ್ನ ಮುಟ್ಟಬೇಡ. ಕಾಲೇಜಿನ ಲ್ಯಾಬಿನಲ್ಲಿ ನಾನು ಕಲಿತಿದ್ದು ಅದೊಂದೇ. ಕೇಬಲ್ ಬದಲಾಯಿಸಿದೆ. ಮಂಕು. ತಂತಿ ಬದಲಾಯಿಸಿದೆ. ಮಂಕು. ಆಂಪ್ಲಿಫೈಯರ್ ಬದಲಾಯಿಸಿದೆ, ನಮ್ಮ ಡ್ರಮ್ಮರ್, ಮೊದ್ದು ಅಂತೀವಲ್ಲ, ಅವನೇ ತನ್ನ ಮನೆಯಿಂದ ಹೊತ್ಕೊಂಡು ಬಂದ. ಮಂಕು. ಹಾಲ್‌ನಿಂದ ಎದ್ದು ರೂಮಿಗೆ ಹೋದೆ. ಅಲ್ಲೂ ಮಂಕು. ಎಲ್ಲ ಬದಲಾದ್ರೂ ಬದಲಾಗದೆ ಉಳಿದಿದ್ದು ಯಾವುದು? ಹೇಳಿ! ಈ ಗಿಟಾರ್. ಇದಕ್ಕೆ ಕೈ ಹಾಕಿದವರು ಯಾರು? ನೀವು. ಲೆಕ್ಕ ಮುಗೀತು.

ಯಾಕೆ ನನ್ನನ್ನ ತೋರಿಸ್ತೀರಿ? ನಾನು ನುಡಿಸೋನು. ನನ್ನನ್ನ ಯಾಕೆ ಲೆಕ್ಕಕ್ಕೆ ತಗೋತೀರಿ?

ಮತ್ತೆ ಬಿಗಿ ಅಂತೀರಲ್ಲ! ಬಿಗಿ ಬಿಗಿ ಬಿಗಿ! ಬೇರೆ ಮಾತೇ ಬರಲ್ವಾ ನಿಮಗೆ?

ನಿನ್ನೆ ಏನಾಯ್ತು ಗೊತ್ತಾ? ಪ್ರಾಕ್ಟೀಸಿನಲ್ಲಿ ನಾನು ಟ್ರೆಬಲ್, ಸಣ್ಣ ಸ್ವರ ಚೂಪು ಮಾಡೋ ಗುಂಡಿ, ಪೂರ್ತಿ ತಿರುಗಿಸಿದ್ದೆ. ಇನ್ನು ತಿರುಗಲ್ಲ ಅನ್ನೋವರೆಗೆ. ಆಗ ಅಲ್ಪ ಸ್ವಲ್ಪ ಕಂಬಳಿ ಸರೀತು. ಅಷ್ಟರಲ್ಲಿ ನಮ್ಮ ಹಾಡೋಳು ಮೈಕ್ ಬಿಟ್ಟು ಬಂದು ನನ್ನ ಕೈ ಹಿಡ್ಕೊಂಡ್ಲು. "ನಿಲ್ಲಿಸು ಮಾರಾಯ, ಹಲ್ಲು ಜುಮ್ಮಂತಿದೆ" ಅಂದ್ಲು. ಹಲ್ಲು ಜುಮ್ಮಂತಂತೆ! ಮೊದ್ದು ತನ್ನ ಡ್ರಮ್ ಕೋಲು ಎರಡೂ ಕೆಳಗೆ ಹಾಕಿ ಕೂತ. ಅವರಿಗೆ ಚೂಪಂತೆ. ನನಗೆ ಮಂಕು, ಅವರಿಗೆ ಚೂಪು! ಯಾರಿಗೆ ಸಂಗೀತ ಗೊತ್ತು ಆ ಗುಂಪಿನಲ್ಲಿ? ಅವರಿಗೆ ಕಿವಿ ಅನ್ನೋದೇ ಇಲ್ಲ!

...ಏನು? ಯಾಕೆ ಕೆಳಗೆ ನೋಡ್ತೀರಿ?

ಅವಳು ಕೊನೆಗೆ ಹೇಳಿದ್ದು ಇಷ್ಟು. ನಾಳೆ ಬೆಳಿಗ್ಗೆ ರೆಕಾರ್ಡಿಂಗ್. ಗಿಟಾರ್ ಸರಿ ಮಾಡಿಸ್ಕೊಂಡು ಬಂದ್ರೆ ಬಾ, ಇಲ್ಲಾಂದ್ರೆ ಬೇರೆಯವನ್ನ ಕರೀತೀನಿ. ಬೇರೆಯವನು! ಆ ಹಾಡಿನ ಮೊದಲ ಸ್ವರ ಯಾರ ಬೆರಳಿನಿಂದ ಬಂತು? ನನ್ನ ಬೆರಳಿನಿಂದ. ಈಗ ಯಾವನೋ ಬಂದು ನನ್ನ ಜಾಗದಲ್ಲಿ ನಿಂತು ನನ್ನ ಸ್ವರ ನುಡಿಸ್ತಾನೆ.

ಹಾಗಾಗಿ ನೀವೀಗ ಒಂದು ಕೆಲಸ ಮಾಡಬೇಕು. ಫೋನ್ ತಗೊಳ್ಳಿ. ಹಾಡೋಳಿಗೆ ಮಾಡಿ. "ತಪ್ಪು ನನ್ನದಮ್ಮ, ರಿಪೇರಿಯಲ್ಲಿ ಹಾಳಾಯ್ತು, ಅವನದೇನೂ ಇಲ್ಲ, ಸ್ವಲ್ಪ ಕಾಯಿ" ಅನ್ನಿ. ಅಷ್ಟೇ. ಒಂದೇ ಮಾತು. ನಿಮ್ಮ ಅಂಗಡಿ ಮುಳುಗಲ್ಲ ಅದರಿಂದ.

ನಾನೇ ಯಾಕೆ ಮಾಡಲ್ಲ ಅಂದ್ರೆ? ಫೋನಲ್ಲಿ ಮಾತಾಡೋದು ನನಗೆ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ. ನಿಮ್ಮ ಫೋನೂ ಎತ್ತಲ್ಲ, ಗೊತ್ತಲ್ಲ. ಅದಕ್ಕೇ ಬಂದಿದ್ದು.

ಬಾಗಿಲ ಕಡೆ ಏನು ನೋಡ್ತೀರಿ? ಯಾರು... ಓ. ಅಕ್ಕ! ಯಾವಾಗ ಬಂದೆ? ...ಏನದು, ಮೂರು ಬೆರಳು? ಮೂರು ಸಲ ಕರೆದೆಯಾ? ಕೋಪದಲ್ಲಿದ್ದೆ ಕಣಕ್ಕ, ಗಮನಿಸಲಿಲ್ಲ. ಕಾಫಿ ಬೇಡ. ನಿನ್ನ ಗಂಡ ಕುಡಿಸಿರೋದೇ ಸಾಕು. ಹೋಗು, ಹೋಗು ಒಳಗೆ, ಇದು ನಮ್ಮಿಬ್ಬರ ಮಾತು.

ನೀವಿಬ್ಬರೂ ಏನು ಹಾಗೆ ಮುಖ ಮುಖ ನೋಡ್ಕೋತೀರಿ?

ಅದ್ಯಾಕೆ ಗೋಡೆಯಿಂದ ಇಳಿಸ್ತಿದ್ದೀರಿ? ನನ್ನ ಹಳೇ ಹಲಗೆ ಗಿಟಾರ್ ಅಲ್ವಾ ಅದು. ಇನ್ನೂ ಇಟ್ಕೊಂಡಿದ್ದೀರಾ? ಬೇಡ. ಅದರಲ್ಲಿ ನುಡಿಸಿ ನೋಡಬೇಕಾಗಿಲ್ಲ. ಅದನ್ನ ಬಿಟ್ಟಿದ್ದೇ ಅದಕ್ಕೆ. ಅದೂ ಮಂಕಾಗಿತ್ತು.

ಯಾಕೆ ಹುಬ್ಬೇರಿಸ್ತೀರಿ? ಹೌದು, "ಸೂಜಿ" ಅಂತಿದ್ರು ಅದನ್ನ. ಮೊದ್ದು ಇಟ್ಟ ಹೆಸರು. ಮೊದಲು ಸೂಜಿಯಾಗಿತ್ತು. ಆಮೇಲೆ ಮೊಂಡಾಯ್ತು. ಮರಕ್ಕೆ ವಯಸ್ಸಾಗಲ್ವಾ? ...ಆಗಲ್ಲ ಅಂತೀರಾ? ಇಟ್ಬಿಡಿ ಅದನ್ನ. ನೇತು ಹಾಕಿ. ನೇತು ಹಾಕಿ ಅಂದೆ!

ನನಗೆ ಗೊತ್ತು ನಿಮ್ಮ ಹೊಟ್ಟೇಲಿ ಏನಿದೆ ಅಂತ. ನಾನು ಇದನ್ನ ತಂದ ದಿನದಿಂದ ನಿಮಗೆ ಇದು ಆಗಲ್ಲ. ಪೆಟ್ಟಿಗೆ ತೆಗೆದ ಕೂಡ್ಲೆ ನಕ್ಕಿದ್ರಿ. "ಹೋದ ವರ್ಷ ಹುಟ್ಟಿದ್ದಕ್ಕೆ ಅಜ್ಜನ ವೇಷ" ಅಂದ್ರಿ. ನಾಟಕದಲ್ಲಿ ಹುಡುಗ ಮೀಸೆಗೆ ಸುಣ್ಣ ಬಳ್ಕೊಂಡು ಬಂದ ಹಾಗಿದೆ ಅಂದ್ರಿ. ಅಕ್ಕ ಕೂಡ ನಕ್ಕಳು. ನಾನೂ ನಕ್ಕೆ. ಹೌದು, ವೇಷಾನೇ. ಅಂಚಿಗೆ ಬಿಳಿ ಪಟ್ಟಿ ಹಾಕಿ, ಅದನ್ನ ಕಾರ್ಖಾನೆಯಲ್ಲೇ ಹಳದಿ ಮಾಡಿದಾರೆ. ನಡುವೆ ಜೇನಿನ ಬಣ್ಣ, ಅಂಚಿಗೆ ಹೋಗ್ತಾ ಸುಟ್ಟ ಸಕ್ಕರೆ. ಗುಂಡಿಗಳು ಹಳೇ ರೇಡಿಯೋದ ಗುಂಡಿಯ ಹಾಗೆ. ಎಲ್ಲ ವೇಷ. ಆದ್ರೆ ಒಳಗಿರೋದು ವೇಷವಲ್ಲ ಭಾವ. ಆ ಎರಡು ತೂತು ವೇಷಕ್ಕಲ್ಲ. ಅದು ನಿಮಗೆ ಅರ್ಥವಾಗಲ್ಲ, ನಿಮಗೆ ಗಿಟಾರ್ ಅಂದ್ರೆ ವೈರು!

"ಅರ್ಧ ಟೊಳ್ಳು, ನಿನ್ನ ತಲೆ ಹಾಗೆ" ಅಂದ್ರಲ್ಲ. ಟೊಳ್ಳು ಅಂದ್ರೆ ಬೈಗುಳ ನಮ್ಮ ಮಾತಿನಲ್ಲಿ. ಮಾತು ಟೊಳ್ಳು, ಮನುಷ್ಯ ಟೊಳ್ಳು. ಆದ್ರೆ ಸ್ವರಕ್ಕೆ ಮನೆ ಬೇಕಲ್ಲ, ಅದು ಟೊಳ್ಳಿನಲ್ಲೇ ಸಿಗೋದು. ಪೂರ್ತಿ ಹಲಗೆಗೆ ಕರೆಂಟ್ ಇಲ್ದಿದ್ರೆ ಅದು ಬರೀ ಹಲಗೆ. ಪೂರ್ತಿ ಟೊಳ್ಳಾಗಿದ್ರೆ, ಸ್ಪೀಕರ್ ಜೋರಾದ ಕೂಡ್ಲೆ ಊಳಿಡುತ್ತೆ. ಇದರ ನಡುವೆ ಕತ್ತಿನಿಂದ ಬುಡದವರೆಗೆ ಒಂದು ದಿಮ್ಮಿ ಇದೆ, ಎರಡು ಪಕ್ಕದಲ್ಲೂ ಗಾಳಿ. ದಿಮ್ಮಿ ಹಿಡಿದಿಡುತ್ತೆ, ಗಾಳಿ ಬಿಟ್ಟುಕೊಡುತ್ತೆ. ಕರೆಂಟ್ ಇಲ್ದಿದ್ರೂ ಇದು ಉಸಿರಾಡುತ್ತೆ! ಎದೆಗೆ ಆನಿಸಿ ಒಂದು ತಂತಿ ಮೀಟಿದ್ರೆ ಸಾಕು, ಪಕ್ಕೆಲುಬಿಗೆ ಬಂದು ತಾಗುತ್ತೆ. ಹೊಟ್ಟೆಗೆ ಇಳಿಯುತ್ತೆ. ಕಿವಿನೇ ಬೇಕಾಗಲ್ಲ...

ಅಂದ್ರೆ, ಕಿವಿಗಿಂತ ಮೊದಲು ಮೈಗೆ ಗೊತ್ತಾಗುತ್ತೆ ಅಂದೆ. ಮಾತಿಗೆ ಹೇಳಿದ್ದು. ಮಾತು ಹಿಡ್ಕೋಬೇಡಿ.

ಏನು ಸವರ್ತಿದ್ದೀರಿ ಅಲ್ಲಿ? ...ಗಿಟಾರಿನ ಆ ಭುಜದ ಹತ್ರ? ಏನೂ ಇಲ್ಲ ಅಲ್ಲಿ. ಹೊಳಪು ಸವೆದಿದೆ ಅಷ್ಟೇ. ಅದು ಮೊದಲೇ ಇತ್ತು. ಅದೂ ವೇಷ. ಹಳೇದಾಗಿ ಕಾಣ್ಲಿ ಅಂತ ಕಾರ್ಖಾನೆಯವರೇ ಉಜ್ಜಿ ಕಳಿಸ್ತಾರೆ.

...ಮೊಣಕೈ ತಾಗೋ ಕಡೆ ಯಾಕೆ ಸವೆದಿಲ್ಲ ಅಂದ್ರೆ ನಾನೇನು ಹೇಳಲಿ! ತಪ್ಪು ಜಾಗದಲ್ಲಿ ಉಜ್ಜಿದಾರೆ. ಕತ್ತಿನ ಹತ್ರ ಕೈ ಹೋಗಲ್ಲ, ಗೊತ್ತು ನನಗೂ. ಅವರಿಗೆ ಗೊತ್ತಿಲ್ಲ. ಬೆರಳು ತೆಗೀರಿ ಅಲ್ಲಿಂದ. ನಾನು ಬಂದಿರೋದು ಸಣ್ಣ ತಂತಿಯ ವಿಷಯಕ್ಕೆ, ಬಣ್ಣದ ವಿಷಯಕ್ಕಲ್ಲ.

ಸರಿ. ನೀವೇ ಕೇಳಿ ಬಿಡಿ. ಪರೀಕ್ಷೆ ಆಗಿಹೋಗ್ಲಿ. ನಿಮ್ಮ ಆಂಪ್ಲಿಫೈಯರ್, ನಿಮ್ಮ ಕೇಬಲ್, ನಿಮ್ಮ ಕೈ. ಸಿಕ್ಕಿಸಿ. ಟ್ರೆಬಲ್ ಪೂರ್ತಿ ಇಡಿ. ಪೂರ್ತಿ ಅಂದ್ರೆ ಪೂರ್ತಿ, ಕಂಜೂಸಿ ಬೇಡ. ಅತಿ ಸಣ್ಣ ತಂತಿ, ಕೊನೇ ಮೆಟ್ಟು. ಅಲ್ಲಿ ಮೀಟಿ. ಮಂಕಾಗಿಲ್ಲ ಅಂತ ನಿಮ್ಮ ಬಾಯಿಂದ ಹೇಳಿ, ನಾನು ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ, ಮತ್ತೆ ಈ ಬಾಗಿಲು ತುಳಿಯಲ್ಲ.

ಹಾಂ. ಮೀಟಿ.

...ಏನು ಕಾಯ್ತಿದ್ದೀರಿ? ಮೀಟಿ ಭಾವ!

ಹಾಗೆ ದುರುಗುಟ್ಟಿ ನೋಡಬೇಡಿ. ಆಟ ಆಡಬೇಡಿ ನನ್ನ ಜೊತೆ. ಹೆದರಿಕೆನಾ? ತಪ್ಪು ಬಯಲಾಗುತ್ತೆ ಅಂತಾನಾ? ಕೆಂಪು ದೀಪ ಉರೀತಿದೆ, ಕೇಬಲ್ ಕೂತಿದೆ, ಇನ್ನೇನು ಬೇಕು ನಿಮಗೆ? ಅಕ್ಕ, ನೀನಾದ್ರೂ ಹೇಳೇ ಇವರಿಗೆ...

ಅಕ್ಕ?

ಅಕ್ಕ ಯಾಕೆ ಎರಡೂ ಕೈಯಲ್ಲಿ ಕಿವಿ ಮುಚ್ಕೊಂಡಿದಾಳೆ?

...

ನಿಮ್ಮ ಬೆರಳು. ಆಡ್ತಾ ಇದೆ. ತಂತಿ... ಒಂದೇ ತಂತಿ ಎರಡಾಗಿ ಕಾಣ್ತಿದೆ. ಮೀಟ್ತಾನೇ ಇದ್ದೀರಿ. ಆಗಿನಿಂದ ಮೀಟ್ತಾನೇ ಇದ್ದೀರಿ ನೀವು.

ಸಾಕು. ನಿಲ್ಲಿಸಿ. ಅವಳಿಗೆ ಹಿಂಸೆ ಆಗ್ತಿದೆ, ನಿಲ್ಲಿಸಿ ಅಂದೆ!

...

ಏನಾದ್ರೂ ಹೇಳಿ.

ಬೈಯಿರಿ. ನಗಿ. ಬಂದಾಗ ನಕ್ಕಿದ್ರಲ್ಲ, ಈಗ ನಗಿ ನೋಡೋಣ.

ತುಟಿ ಆಡ್ತಿಲ್ಲ. ಈಗ ನಿಜವಾಗ್ಲೂ ಸುಮ್ಮನಿದ್ದೀರಿ. ಅಷ್ಟು ಗೊತ್ತಾಗುತ್ತೆ ನನಗೆ, ತುಟಿ ನೋಡ್ತಿರ್ತೀನಲ್ಲ. ವರ್ಷದಿಂದ ಅದೇ ಕೆಲಸ. ಹಾಡೋಳ ತುಟಿ, ಮೊದ್ದುವಿನ ಕೈ, ನಿಮ್ಮ ತುಟಿ. ಇವತ್ತು ನೀವು ಬೆನ್ನು ತಿರುಗಿಸ್ಕೊಂಡು ನಿಂತಿದ್ರಿ, ಅದೇ ಎಡವಟ್ಟಾಯ್ತು.

ಆ ಸವೆದ ಜಾಗದಿಂದ ಹೆಬ್ಬೆರಳು ತೆಗೀರಿ ಭಾವ. ಅದು ಕಾರ್ಖಾನೆಯವರದಲ್ಲ. ಅಲ್ಲಿ ದವಡೆ ಒತ್ತಿದ್ರೆ ಎಲ್ಲ ಕೇಳಿಸುತ್ತೆ. ಸಣ್ಣ ತಂತಿನೂ. ಕಿಣಿ ಕಿಣಿ ಅಂತ, ತಲೆ ಒಳಗೇ. ಹಲಗೆ ಗಿಟಾರ್‌ನಲ್ಲಿ ಇಷ್ಟು ಬರಲ್ಲ. ಅದಕ್ಕೇ ಇದನ್ನ ತಂದಿದ್ದು. ಹಳೇ ಬಣ್ಣಕ್ಕಲ್ಲ.

ಆದ್ರೆ ದವಡೆ ಒತ್ಕೊಂಡು ಸ್ಟುಡಿಯೋದಲ್ಲಿ ನಿಲ್ಲೋಕಾಗಲ್ಲ ಅಲ್ವಾ... ನೋಡ್ತಾರೆ.

ನಾನು ಬಂದ ಕೂಡ್ಲೆ ನೀವು ಹೇಳಿದ್ದು ಬಿಗಿ ಅಂತ ಅಲ್ಲ. ಆಮೇಲೂ ಅಲ್ಲ. ಕಿವಿ. ಕಿವಿ ಅಂದ್ರಿ. ನನಗೆ ಬಿಗಿ ಅಂತ ಕೇಳಿಸ್ತು.

ಫೋನ್ ತಗೊಳ್ಳಿ. ಹಾಡೋಳಿಗೆ ಮಾಡಿ. ಇಲ್ಲ, ತಪ್ಪು ನನ್ನದು ಅಂತೆಲ್ಲ ಹೇಳಬೇಡಿ. ಗಿಟಾರ್ ಸರಿಯಾಗಿದೆ ಅನ್ನಿ. ಉಳಿದಿದ್ದೂ ಹೇಳಿ. ನನ್ನ ಕೈಲಿ ಆಗಲ್ಲ. ನನಗೋಸ್ಕರ ಆ ಹಾಡು ಕಾಯುತ್ತಾ ಇಲ್ವಾ, ಕೇಳಿ.

ಅವಳು ಏನಂದ್ಲು ಅಂತ ಆಮೇಲೆ ನನಗೆ ಹೇಳಿ. ಮುಖ ನನ್ನ ಕಡೆ ಮಾಡಿ ಹೇಳಿ ಭಾವ... ಮರ್ಯಾದೆಗಲ್ಲ.