ನೆರಳಿಲ್ಲದ ಹುಡುಗನನ್ನು ಒಳಗೆ ಕರೆಯುವವರು ಯಾರು?

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಬಳಗದ ಹಂಗಾಮಿ ಅಧ್ಯಕ್ಷರಾದ ಶ್ರೀ ಮೋಹನ್‌ಕುಮಾರ್ ಅವರೇ, ಚನ್ನರಾಯಪಟ್ಟಣದಿಂದ ಮುಖ್ಯ ಅತಿಥಿಯಾಗಿ ಬಂದಿರುವ ನಿವೃತ್ತ ಗ್ರಂಥಪಾಲಕರಾದ ಶ್ರೀ ದೇವರಾಜು ಅವರೇ, ಹಾಸನದಿಂದ, ಅರಕಲಗೂಡಿನಿಂದ, ಕಟ್ಟಾಯದಿಂದ ಬಸ್ಸು ಹತ್ತಿ ಬಂದಿರುವ ಸದಸ್ಯರೇ, ಉಪ್ಪಿಟ್ಟು ಮುಗಿಸಿ ಈಗಷ್ಟೇ ಕೈ ತೊಳೆದು ಬರುತ್ತಿರುವ ಸಭಿಕರೇ,

ಈ ಹೊತ್ತಿನ ಸುದ್ದಿ ಇಷ್ಟು. ಹೊಳೆನರಸೀಪುರದ ನಮ್ಮ ಓದುಗರ ಬಳಗ ವಾರ್ಷಿಕೋತ್ಸವದ ದಿನವೇ ಎರಡಾಗಿ ಕುಳಿತಿದೆ. ಕಿಟಕಿಯ ಕಡೆ ಇರುವವರು ‘ನೆರಳಿಲ್ಲದ ಹುಡುಗ’ ಕಾದಂಬರಿಯ ಪರ. ಗೋಡೆಯ ಕಡೆ ಇರುವವರು ವಿರುದ್ಧ. ನಡುವೆ ಒಂದು ಸಾಲು ಕುರ್ಚಿ ಖಾಲಿ. ಇದನ್ನು ಮೊದಲು ವರದಿ ಮಾಡಿದವರು ಕುರ್ಚಿ ಹಾಕಿಸಿದ ಜಯಲಕ್ಷ್ಮಮ್ಮನವರು. ವೇದಿಕೆ ಹತ್ತಿದ ಮೇಲೆ ನಾನೂ ಖುದ್ದಾಗಿ ನೋಡಿ ಖಚಿತಪಡಿಸಿಕೊಂಡಿದ್ದೇನೆ.

ನಾನು ಸಂಪತ್ಕುಮಾರ್. ದಿನಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿ ಇದೇ ಊರಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಈಗ ಬಳಗದ ಕಾರ್ಯದರ್ಶಿ. ಒಂದು ಪುಸ್ತಕ ಓದುಗರನ್ನು ಏಕೆ ಎರಡು ಮಾಡುತ್ತದೆ ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ಭಾಷಣ ಬರೆದು ತಂದಿದ್ದೇನೆ, ಜೇಬಿನಲ್ಲಿದೆ. ಆದರೆ ಓದುವ ಕನ್ನಡಕ ಮನೆಯಲ್ಲೇ ಉಳಿದಿದೆ. ಹಾಗಾಗಿ ನೆನಪಿನಿಂದ ಹೇಳುತ್ತೇನೆ. ಪತ್ರಿಕೆಯಲ್ಲಾದರೆ ತಪ್ಪಿಗೆ ಮರುದಿನ ತಿದ್ದುಪಡಿ ಹಾಕಬಹುದಿತ್ತು. ಇಲ್ಲಿ ಆ ಸೌಲಭ್ಯವಿಲ್ಲ, ಸಹಿಸಿಕೊಳ್ಳಬೇಕು.

ಮೊದಲು ಸಂಗತಿ, ಆಮೇಲೆ ಅಭಿಪ್ರಾಯ. ಪುಸ್ತಕ ಓದದೆ ಬಂದವರೂ ಇಲ್ಲಿ ಇದ್ದಾರೆ, ಅವರಿಗಾಗಿ ಕಥೆ ಹೇಳುತ್ತೇನೆ. ಒಬ್ಬಳು ಪಿಯುಸಿ ಹುಡುಗಿ. ಅವಳ ಟ್ಯೂಷನ್ನಿಗೆ ಒಬ್ಬ ಹುಡುಗ ಸೇರುತ್ತಾನೆ. ಸಂಜೆಯ ಬ್ಯಾಚಿಗೆ ಮಾತ್ರ ಬರುತ್ತಾನೆ. ಯಾರು ಏನು ಕೊಟ್ಟರೂ ತಿನ್ನುವುದಿಲ್ಲ. ದೀಪದ ಕೆಳಗೆ ನಿಂತರೆ ಅವನಿಗೆ ನೆರಳು ಬೀಳುವುದಿಲ್ಲ. ಅವನು ರಕ್ತ ಕುಡಿದು ಬದುಕುವ ಜಾತಿಯವನು, ವಯಸ್ಸು ನೂರು ದಾಟಿದೆ. ಆದರೆ ಈ ಹುಡುಗಿಯ ಮೇಲೆ ಮನಸ್ಸಾಗಿ ಮನುಷ್ಯರ ರಕ್ತ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಇನ್ನೊಂದು ನಿಯಮ ಇದೆ. ಮನೆಯ ಒಳಗಿನವರು ಬಾಯಿಬಿಟ್ಟು ‘ಒಳಗೆ ಬಾ’ ಅನ್ನದೆ ಅವನು ಯಾರ ಹೊಸ್ತಿಲನ್ನೂ ದಾಟುವ ಹಾಗಿಲ್ಲ. ಇಂಥದ್ದೇ ಮೂರು ಭಾಗ. ಹಾಸನದ ಪುಸ್ತಕದ ಅಂಗಡಿಗಳಲ್ಲಿ ಕಾಲೇಜು ಹುಡುಗಿಯರು ಕೇಳಿ ಕೇಳಿ ಒಯ್ಯುತ್ತಿದ್ದಾರೆ.

ಇದನ್ನು ಬಳಗದ ತಿಂಗಳ ಓದಿಗೆ ಸೂಚಿಸಿದವರು ಸ್ಥಾಪಕ ಅಧ್ಯಕ್ಷೆ, ನಿವೃತ್ತ ಕನ್ನಡ ಅಧ್ಯಾಪಕಿ ಶ್ರೀಮತಿ ವೇದವತಿಯವರು. ಅವರು ನನ್ನ ಹೆಂಡತಿ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ವರದಿಯಲ್ಲಿ ಅದು ಅಪ್ರಸ್ತುತ.

ವಯಸ್ಸಾದವರು ವಿರೋಧ, ಎಳೆಯರು ಪರ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಿಲ್ಲ. ಅರಕಲಗೂಡಿನ ಕಡೆ ಹೊಗೆಸೊಪ್ಪು, ಶುಂಠಿ ಬೆಳೆಯುವ ನಮ್ಮ ಅನಸೂಯಮ್ಮನವರಿಗೆ ಮೊಮ್ಮಕ್ಕಳಿದ್ದಾರೆ. ಅವರು ಮೂರೂ ಭಾಗ ಓದಿ ಮುಗಿಸಿ ನನಗೆ ಫೋನ್ ಮಾಡಿದರು. “ಸಾ, ಎದ್ರುಗೇ ರಕ್ತ ಅರಿತಾ ಕುಂತದೆ, ಒಂದು ತೊಟ್ಟೂ ಮುಟ್ಟಲ್ವಲ್ಲ ಆ ಉಡ್ಗ! ನಮ್ಮನೇವ್ರು ಮೂವತ್ತು ವರ್ಸದಿಂದ ಬೀಡಿ ಬುಡ್ತೀನಿ ಅಂತವ್ರೆ. ಇನ್ನೂ ಬುಟ್ಟಿಲ್ಲ. ಗಂಡ್ಸು ಅಂದ್ರೆ ಅಂಗಿರ್ಬೇಕು ಕಣಿ” ಅಂದರು.

ಇನ್ನು ಇಂಚರ. ಪಿಯುಸಿ ಓದುತ್ತಿರುವ ಹುಡುಗಿ, ಗೋಡೆಯ ಕಡೆ ಮೊದಲ ಸಾಲಿನಲ್ಲಿದ್ದಾಳೆ. ಈ ಪುಸ್ತಕ ಯಾರಿಗಾಗಿ ಬರೆದದ್ದೋ ಆ ವಯಸ್ಸಿನವಳು. ಅವಳು ಹೇಳಿದ್ದು: “ಅಂಕಲ್, ನೂರು ದಾಟಿದ ಮುದುಕ ಒಬ್ಳು ಹುಡ್ಗಿ ನಿದ್ದೆ ಮಾಡೋದನ್ನ ಕಿಟಕಿಯಿಂದ ನೋಡ್ತಾ ನಿಂತ್ಕೊಳ್ಳೋದು ಲವ್ವಾ? ನಮ್ ಬೀದೀಲಿ ಹಂಗೆ ನಿಂತಿದ್ರೆ ನಮ್ಮಮ್ಮ ಪೊರಕೆ ತಗೋತಾಳೆ. ಆ ಹುಡ್ಗೀಗೂ ಅವನೊಬ್ಬನ್ನ ಬಿಟ್ರೆ ಬೇರೆ ಕೆಲ್ಸಾನೇ ಇಲ್ಲ. ಒಂದ್ ಟೆಸ್ಟಿಗೂ ಓದಲ್ಲ!”

ಅವಳ ಮಾತಿನಲ್ಲಿ ನ್ಯಾಯವಿದೆ. ಅನಸೂಯಮ್ಮನವರ ಮಾತಿನಲ್ಲೂ ನ್ಯಾಯವಿದೆ. ಕಟ್ಟಾಯದ ಹಾಲಿನ ಡೈರಿಯ ಕಾಂತರಾಜು ಅವರದು ಬೇರೆಯೇ ಆಕ್ಷೇಪ. “ಅಗ್ಲೊತ್ತು ಈಚೆಗೇ ಬರಕಿಲ್ಲ. ಇಂತವನು ಒಲ ಯಾವಾಗ ಉಳ್ತಾನೆ, ಡೈರಿಗೆ ಆಲು ಯಾವಾಗ ಆಕ್ತಾನೆ? ಅವನ್ಗೆ ಎಣ್ಣು ಕೊಡೋರು ಯಾರ್ಲಾ?” ಎಂದು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಕೇಳಿದರು. ಕಾಂತರಾಜು, ನೀವು ಈಗ ನಗುತ್ತಿದ್ದೀರಿ. ಅವತ್ತು ನಗಲಿಲ್ಲ.

ಹಾಗಾದರೆ ಒಂದೇ ಪುಸ್ತಕ ಓದಿ ಜನ ಹೀಗೆ ಎರಡಾಗುವುದೇಕೆ? ನನಗೆ ಕಂಡದ್ದು ಇಷ್ಟು. ವಿರುದ್ಧ ಇರುವವರು ಆ ಹುಡುಗನನ್ನು ನೋಡುತ್ತಾರೆ. ಇವನು ಎಂಥವನು, ನಮ್ಮ ಮಗಳ ಹತ್ತಿರ ಬಂದರೆ ಗತಿಯೇನು ಎಂದು ಕೇಳುತ್ತಾರೆ. ಪರ ಇರುವವರು ಹುಡುಗನನ್ನು ನೋಡುವುದೇ ಇಲ್ಲ. ಅವರು ಹುಡುಗಿಯ ಎದೆಯೊಳಗೆ ಕೂತು ಓದುತ್ತಾರೆ. ನನಗಾಗಿಯೂ ಒಬ್ಬರು ಹೀಗೆ ಕಾದಿದ್ದರೆ ಎಂದು ಕೇಳಿಕೊಳ್ಳುತ್ತಾರೆ. ರಟ್ಟು ಒಂದೇ. ಓದಿದ ಪುಸ್ತಕ ಬೇರೆ ಬೇರೆ.

ಜಗಳ ಆದದ್ದು ಹೀಗೆ. ಹಿಂದಿನ ಸಭೆಯಲ್ಲಿ ಮೋಹನ್‌ಕುಮಾರ್ ಅವರು ಎದ್ದು ನಿಂತು, “ಮೇಡಂ, ನಮಗೆ ಹಳಗನ್ನಡ ಕಲಿಸಿದವರು ನೀವು. ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕಿತ್ತೇ?” ಎಂದರು. ಅವರು ವೇದವತಿಯವರ ನೇರ ಶಿಷ್ಯರು. ಗೌರವದಿಂದಲೇ ಕೇಳಿದರು. ಆದರೆ ಸಭೆ ನಕ್ಕಿತು. ವೇದವತಿಯವರು ನಗು ನಿಲ್ಲುವವರೆಗೆ ಕಾದು ಹೇಳಿದ್ದು: “ಮೋಹನ, ನೀನು ಓದೋ ಪತ್ತೇದಾರಿ ಕಾದಂಬರಿಯಲ್ಲಿ ಅಧ್ಯಾಯಕ್ಕೊಂದು ಹೆಣ ಬೀಳುತ್ತೆ. ಅದನ್ನ ಓದೋ ಗಂಡಸರಿಗೆ ಈ ವಯಸ್ಸಲ್ಲಿ ಬೇಕಿತ್ತೇ ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ. ಒಂದು ಹುಡುಗಿ ಮನಸ್ಸಿನ ಆಸೆ ಓದಿದರೆ ಮಾತ್ರ ನಗು ಬರುತ್ತೆ, ಅಲ್ಲವೇನಪ್ಪ?”

ನಾನು ಕಾರ್ಯದರ್ಶಿಯಾಗಿ ಆಗಷ್ಟೇ ಬರೆದ ನಡಾವಳಿಯನ್ನು ಗಟ್ಟಿಯಾಗಿ ಓದಿದೆ: ‘ಕಾದಂಬರಿಯ ಬಗ್ಗೆ ಪರ ವಿರೋಧ ಅಭಿಪ್ರಾಯಗಳು ವ್ಯಕ್ತವಾದವು.’ ವೇದವತಿಯವರು ನನ್ನ ಕಡೆ ತಿರುಗಿ, “ನೀವೂ ಓದಿದೀರಲ್ಲ, ನಿಮಗೆ ಏನನ್ನಿಸಿತು?” ಎಂದರು. ಎರಡೂ ಕಡೆಯ ವಾದದಲ್ಲಿ ಹುರುಳಿದೆ ಎಂದೆ. ಅವರು ಚೀಲ ತೆಗೆದುಕೊಂಡು ಎದ್ದರು. ಮರುದಿನ ಅಧ್ಯಕ್ಷ ಸ್ಥಾನ ಬಿಟ್ಟರು. ಈ ಬಳಗ ಕಟ್ಟಿದವರು ಇವತ್ತು ಈ ಸಭೆಯಲ್ಲಿ ಇಲ್ಲ. ಇನ್ನು ಮುಂದೆ ಬರುತ್ತಾರೋ ಇಲ್ಲವೋ ತಿಳಿದುಬಂದಿಲ್ಲ. ನಾನು ಅದೇ ಮನೆಯಲ್ಲಿದ್ದೂ ನನಗೆ ತಿಳಿದುಬಂದಿಲ್ಲ.

ಹೌದು, ನಾನೂ ಓದಿದ್ದೇನೆ. ವರದಿಗಾರ ದಾಖಲೆ ಪರಿಶೀಲಿಸಬೇಕು. ಊಟವಾದ ಮೇಲೆ ಪತ್ರಿಕೆಯನ್ನು ಅಗಲವಾಗಿ ಹಿಡಿದು, ಒಳಗೆ ಪುಸ್ತಕ ಇಟ್ಟುಕೊಂಡು ಪರಿಶೀಲಿಸಿದೆ. ಮೂರನೇ ಭಾಗವನ್ನು ಎರಡು ಸಲ ಪರಿಶೀಲಿಸಿದೆ. ಅಲ್ಲಿ ಒಂದು ಕಡೆ ಹುಡುಗಿಯ ಅಜ್ಜಿ, ಪಾಪ, ಇವನು ಯಾರೆಂದು ತಿಳಿಯದೆ ‘ಬಾಪ್ಪ ಒಳಗೆ’ ಎನ್ನುತ್ತಾಳೆ. ನಿಯಮದ ಪ್ರಕಾರ ಅವನು ಹೋಗಬಹುದು. ಹೋಗುವುದಿಲ್ಲ. ಹುಡುಗಿ ಕರೆಯಲಿ ಎಂದು ಜಗಲಿಯ ಮೇಲೇ ನಿಲ್ಲುತ್ತಾನೆ. ಇಂಚರಾ, ಕಿಟಕಿಯಲ್ಲಿ ಇಣುಕುವುದು ತಪ್ಪು, ಒಪ್ಪಿದೆ. ಆದರೆ ಜಗಲಿಯ ಮೇಲೆ ನಿಲ್ಲುವುದು ಬೇರೆ.

ಜಗಲಿ ಎಂದಾಗ ನೆನಪಾಯಿತು. ನಾನು ಹೊಸದಾಗಿ ವರದಿಗಾರನಾದಾಗ ಇದೇ ಊರಿನ ಕೋಟೆಯೊಳಗೆ ಒಬ್ಬರು ಹೆಡ್‌ಮಾಸ್ಟರ ಮನೆಗೆ ಶಾಲೆಯ ಸುದ್ದಿ ಕೇಳಲು ಹೋಗುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ಸುದ್ದಿ ಹೇಳುತ್ತಿದ್ದರು. ನಾನು ಜಗಲಿಯ ಮೇಲೇ ನಿಂತು ಬರೆದುಕೊಳ್ಳುತ್ತಿದ್ದೆ. ಒಳಗೆ ಬಾ ಎನ್ನುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ. ಕರೆಯದೆ ಒಳಗೆ ಹೋಗುವುದು ನಮ್ಮ ಕಡೆ ಇಲ್ಲ. ಹೀಗೇ ಬೇಸಿಗೆಯೂ ಬಂತು. ಒಂದು ದಿನ ಒಳಗಿನಿಂದ ಹೆಡ್‌ಮಾಸ್ಟರ ಮಗಳ ಧ್ವನಿ ಬಂತು. “ಶಾಲೆಗೆ ರಜೆ ಕೊಟ್ಟು ಎಷ್ಟು ದಿನ ಆಯ್ತು! ದಿನಾ ಬಂದು ಬಿಸಿಲಲ್ಲಿ ನಿಂತ್ಕೋತಾರಲ್ಲಪ್ಪ, ಇವರಿಗೆ ಯಾವ ಸುದ್ದಿ ಬೇಕಂತೆ?” ಆಮೇಲೆ ಆ ಮಗಳೇ, ಅಂದರೆ ಇಂದಿನ ನಮ್ಮ ಸ್ಥಾಪಕ ಅಧ್ಯಕ್ಷೆಯೇ, ಬಾಗಿಲಿಗೆ ಬಂದು, “ಒಳಗೆ ಬನ್ನಿ, ಮಜ್ಜಿಗೆ ಕುಡಿದು ಹೋಗಿ” ಎಂದರು.

ಇದು ವಿಷಯಾಂತರ. ಕ್ಷಮಿಸಿ. ಕನ್ನಡಕ ಇದ್ದಿದ್ದರೆ ಇದು ಬರುತ್ತಿರಲಿಲ್ಲ. ದೇವರಾಜು ಅವರು ಗಡಿಯಾರ ನೋಡುತ್ತಿದ್ದಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗಕ್ಕೆ ಒಂದು ಪದ್ಧತಿ ಇದೆ. ವಾರ್ಷಿಕೋತ್ಸವಕ್ಕೆ ಫೋನಿನಲ್ಲಿ ಕರೆಯುವುದಿಲ್ಲ. ಪದಾಧಿಕಾರಿಗಳು ಸದಸ್ಯರ ಮನೆಗೆ ಹೋಗಿ, ಕುಂಕುಮ ಕೊಟ್ಟು, ಆಹ್ವಾನ ಪತ್ರಿಕೆ ಕೈಗಿಟ್ಟು ಕರೆಯುತ್ತಾರೆ. ಇದನ್ನು ಶುರುಮಾಡಿದವರೇ ವೇದವತಿಯವರು. ಈ ವರ್ಷ ಉಳಿದ ಪದಾಧಿಕಾರಿಗಳು ಗೊರೂರಿನ ಅಣೆಕಟ್ಟೆಯ ಕ್ವಾರ್ಟರ್ಸಿನವರೆಗೆ ಹೋಗಿ ಕರೆದು ಬಂದರು. ಒಂದು ಮನೆ ಮಾತ್ರ ಬಿಟ್ಟರು. ನಮ್ಮದು. ದ್ವೇಷದಿಂದಲ್ಲ. ಅದು ಕಾರ್ಯದರ್ಶಿಯ ಮನೆ, ಅವರೇ ಕರೆದುಕೊಂಡು ಬರುತ್ತಾರೆ ಎಂದುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. ನಾನು ತಂದು ಫ್ರಿಜ್ಜಿನ ಮೇಲಿಟ್ಟೆ.

ಇವತ್ತು ಬೆಳಿಗ್ಗೆ ಹೊರಡುವಾಗ, “ಬರುವುದಿಲ್ಲವೇ?” ಎಂದು ಕೇಳಿದೆ.

“ಆ ಪತ್ರಿಕೆ ಯಾರ ಕೈಗೆ ಕೊಟ್ಟರು?”

“ನನ್ನ ಕೈಗೆ.”

“ಹಾಗಾದರೆ ನೀವು ಹೋಗಿ ಬನ್ನಿ.”

“ನಾನು ಕರೆಯುತ್ತಿದ್ದೇನಲ್ಲ?”

“ನೀವು ನನ್ನ ಗಂಡ. ಗಂಡ ಕರೆದರೆ ಅದು ಜೊತೆಗೆ ಹೋಗೋದು. ಕರೆಸಿಕೊಂಡು ಹೋಗೋದು ಬೇರೆ. ನಿಮಗೆ ಎರಡೂ ಕಡೆ ಒಂದೇ ಥರ ಕಾಣುತ್ತೆ, ಅದೇ ನಿಮ್ಮ ಕಷ್ಟ.”

ಈ ಮಾತಿನ ಮಧ್ಯೆ ಕನ್ನಡಕ ಉಳಿದುಹೋಯಿತು.

ಸಭಿಕರೇ, ದಯವಿಟ್ಟು ಒಂದು ನಿಮಿಷ. ಹತ್ತಿರದ್ದು ನನಗೆ ಕಾಣದಿದ್ದರೂ ದೂರದ್ದು ಚೆನ್ನಾಗಿ ಕಾಣುತ್ತದೆ. ಬಾಗಿಲಲ್ಲಿ ವೇದವತಿಯವರು ನಿಂತಿದ್ದಾರೆ. ಕೈಯಲ್ಲಿ ನನ್ನ ಕನ್ನಡಕದ ಡಬ್ಬಿ ಇದೆ. ಹೊಸ್ತಿಲಿನ ಆಚೆಗಿದ್ದಾರೆ. ಚಪ್ಪಲಿ ಕಾಲಲ್ಲೇ ಇದೆ. ಇಂಚರಾ, ಏಳಬೇಡಮ್ಮ, ಕೂತ್ಕೋ. ನೀನು ಹೋಗಿ ಕನ್ನಡಕ ಇಸ್ಕೊಂಡರೆ ಅವರು ಬಂದ ಆಟೋದಲ್ಲೇ ವಾಪಸ್ಸು ಹೋಗುತ್ತಾರೆ. ನನಗೆ ಕನ್ನಡಕ ಅಷ್ಟು ಅರ್ಜೆಂಟಿಲ್ಲ.

ನಾನು ಇಲ್ಲಿಂದ ಕರೆಯಬಹುದೇ? ಕರೆಯುವ ಹಾಗಿಲ್ಲ, ಈಗ ತಾನೇ ಕಾರಣ ಹೇಳಿದೆ. ಅಜ್ಜಿ ಕರೆದರೆ ಸಾಕೇ? ಸಾಲದು, ಅದನ್ನೂ ಹೇಳಿದೆ. ಯಾರು ಕರೆಯಬೇಕೋ ಅವರೇ ಕರೆಯಬೇಕು. ಅಧ್ಯಕ್ಷರೇ, ದೀಪದ ಪಕ್ಕದಲ್ಲಿ ಕುಂಕುಮದ ಬಟ್ಟಲಿದೆ.

ಮೋಹನ್‌ಕುಮಾರ್ ಅವರು ಎದ್ದರು. ಬಟ್ಟಲು ತೆಗೆದುಕೊಂಡರು. ಅದನ್ನು ಕಿಟಕಿಯ ಕಡೆಯಿಂದ ಬಂದ ಅನಸೂಯಮ್ಮನವರ ಕೈಗೆ ಕೊಟ್ಟರು. ಇಬ್ಬರೂ ಖಾಲಿ ಸಾಲಿನ ಪಕ್ಕದಲ್ಲೇ ಹೋಗುತ್ತಿದ್ದಾರೆ. ಬಾಗಿಲು ತಲುಪಿದರು. ಅನಸೂಯಮ್ಮನವರು ಕುಂಕುಮ ಕೊಟ್ಟರು. ಮೋಹನ್‌ಕುಮಾರ್ ಅವರು ಕೈಮುಗಿದು ಏನೋ ಹೇಳುತ್ತಿದ್ದಾರೆ. ಏನೆಂದು ಇಲ್ಲಿಗೆ ಕೇಳಿಸುತ್ತಿಲ್ಲ, ಆದ್ದರಿಂದ ನಾನು ಅದನ್ನು ವರದಿ ಮಾಡುವುದಿಲ್ಲ. ವೇದವತಿಯವರೂ ಏನೋ ಹೇಳಿದರು. ಮೋಹನ್‌ಕುಮಾರ್ ಅವರು ತಲೆ ಕೆರೆದುಕೊಂಡರು.

ಚಪ್ಪಲಿ ಬಿಟ್ಟರು. ಇದು ಖಚಿತ ಸುದ್ದಿ.

ಜೋರಾಗಿ ಚಪ್ಪಾಳೆ ತಟ್ಟಿ, ಪರವಾಗಿಲ್ಲ. ಗೋಡೆಯ ಕಡೆಯವರೂ ತಟ್ಟಬಹುದು, ಅದರಿಂದ ಕಾದಂಬರಿಯನ್ನು ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಮೇಡಂ ನಡುವಿನ ಸಾಲಿನಲ್ಲಿ ಕುಳಿತಿದ್ದಾರೆ. ಪಕ್ಕದಲ್ಲಿ ಇಂಚರ ಹೋಗಿ ಕುಳಿತಳು. ಈಗಾಗಲೇ ವಾದ ಶುರುವಾದ ಹಾಗೆ ಕಾಣುತ್ತದೆ.

ಕನ್ನಡಕ ನನಗೆ ತಲುಪಿದೆ. ಬರೆದು ತಂದ ಭಾಷಣವನ್ನು ಈಗ ಓದಬಹುದು. ಮೊದಲ ಸಾಲು, ‘ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ.’ ಇದನ್ನು ಮುಂದೆ ಓದುವುದು ಬೇಡ. ಕಾರ್ಯದರ್ಶಿಯಾಗಿ ಕೊನೆಯ ಪ್ರಕಟಣೆಯನ್ನು ಮಾತ್ರ ಓದುತ್ತೇನೆ.

‘ನೆರಳಿಲ್ಲದ ಹುಡುಗ’ ಎರಡನೇ ಭಾಗದ ಚರ್ಚೆ ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಇದೇ ಸಭಾಂಗಣದಲ್ಲಿ ನಡೆಯಲಿದೆ. ವಿರುದ್ಧ ಮಾತನಾಡುವವರು ಮೋಹನ್‌ಕುಮಾರ್ ಮತ್ತು ಇಂಚರ. ಪರ ಮಾತನಾಡುವವರ ಹೆಸರು ಇನ್ನೂ ನಿಗದಿಯಾಗಿಲ್ಲ ಎಂದು ಇಲ್ಲಿ ಬರೆದಿದ್ದೇನೆ. ಅದಕ್ಕೆ ಒಂದು ತಿದ್ದುಪಡಿ. ಪರ ಮಾತನಾಡುವವರು ವೇದವತಿ, ಅವರು ಒಪ್ಪಿದರೆ. ಮತ್ತು ಸಂಪತ್ಕುಮಾರ್, ಅವರು ಒಪ್ಪಿದ್ದಾರೆ.

ಉಪ್ಪಿಟ್ಟು ಮಾಡಿದವರಿಗೆ, ಕುರ್ಚಿ ಹಾಕಿದವರಿಗೆ, ಎದ್ದು ಹೋಗಿ ಕರೆದವರಿಗೆ, ಕರೆದಾಗ ಬಂದವರಿಗೆ ನನ್ನ ವಂದನೆಗಳು. ನಮಸ್ಕಾರ.