ಬಜ್ಜೋಡಿ ಜೀಪಿನ ಕೆಂಪು ಬಟನ್

ಹೆಸರು: ಧನರಾಜ್. ತಂದೆ: ದಿವಂಗತ ಮುದ್ದು. ಪ್ರಾಯ: 47 ವರ್ಷ. ಉದ್ಯೋಗ: ಬೋಟು ಮತ್ತು ವಾಹನಗಳ ವಯರಿಂಗ್ ಕೆಲಸ. ವಾಸ: ಮೊಗವೀರಪಟ್ಣ, ಉಳ್ಳಾಲ. ಅಂಗಡಿ: ನಂತೂರು ಜಂಕ್ಷನ್‌ನಿಂದ ಬಿಕರ್ನಕಟ್ಟೆ ಕಡೆಗೆ ಸುಮಾರು 400 ಮೀಟರ್ ದೂರದಲ್ಲಿ, ಎಡಬದಿ.

ಈ ದಿನ ತಾರೀಕು 15-02-2025ರಂದು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ತಮ್ಮ ಮುಂದೆ ಹೇಳುವುದು ಏನೆಂದರೆ, ಬಜ್ಜೋಡಿಯ ಚೆನ್ನಪ್ಪ ಎಂಬವರ ಮೇಲೆ ಅವರ ಮಗಳು ಯಶ್ಮಿತಾ ಬೇಕೆಂದೇ ಜೀಪು ಹಾಯಿಸಿದ್ದಾಳೆ ಎಂದು ಚೆನ್ನಪ್ಪರ ತಮ್ಮ ಕಮಲೇಶ್ ಕೊಟ್ಟ ದೂರು ಸರಿಯಲ್ಲ. ಆ ಜೀಪಿನ ವಯರಿಂಗ್ ಮಾಡಿದವನು ನಾನು. ಎಂಜಿನ್ ಹೇಗೆ ನಿಲ್ಲುತ್ತದೆ ಎಂದು ಗೊತ್ತಿರುವವರು ಇಬ್ಬರೇ, ಚೆನ್ನಪ್ಪ ಮತ್ತು ನಾನು. ಚೆನ್ನಪ್ಪ ಅತ್ತಾವರದ ಆಸ್ಪತ್ರೆಯ ಐಸಿಯುವಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಆದುದರಿಂದ ನಾನು ಹೇಳಲೇಬೇಕು.

ಚೆನ್ನಪ್ಪ ಕುವೈತಿನಲ್ಲಿ 26 ವರ್ಷ ದುಡಿದು ಊರಿಗೆ ಬಂದವರು. ಅವರಲ್ಲಿ 1994ರ ಒಂದು ಜೀಪು ಇದೆ. ಅದರ ಡೀಸೆಲ್ ಎಂಜಿನ್ ಕೆಟ್ಟು ನಾಲ್ಕು ವರ್ಷ ಅಂಗಳದಲ್ಲೇ ನಿಂತಿತ್ತು. ಕಳೆದ ವರ್ಷ ಅವರು ಅಪಘಾತವಾದ ಒಂದು ಕಾರಿನ ಪೆಟ್ರೋಲ್ ಎಂಜಿನ್ನನ್ನು ಗುಜರಿಯಿಂದ ತಂದು ಅದಕ್ಕೆ ಕೂರಿಸಿದರು. ಕೂರಿಸಿದ ಮೆಕ್ಯಾನಿಕ್ ವಯರಿಂಗ್ ನನ್ನಿಂದ ಆಗುವುದಿಲ್ಲ ಎಂದು ಕೈ ಎತ್ತಿದನು. ಗುಜರಿಯವರು ಎಂಜಿನ್ನಿನ ವಯರುಗಳನ್ನು ಕಟ್ಟುಕಟ್ಟಾಗಿ ಹಿಡಿದು ಕತ್ತಿಯಲ್ಲಿ ಕಡಿದಿದ್ದರು. ಎಂಜಿನ್ನಿನ ಕಂಪ್ಯೂಟರ್ ಮಾತ್ರ ಸರಿ ಇತ್ತು. ಎಂಜಿನ್ ಬದಲಾಯಿಸಿದ್ದಕ್ಕೆ ಆರ್‌ಟಿಒದಲ್ಲಿ ಕಾಗದ ಮಾಡಿಸಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ತಾರೀಕು 06-01-2025ರಂದು ಜೀಪನ್ನು ಎಳೆದುಕೊಂಡು ನನ್ನ ಅಂಗಡಿಗೆ ತಂದರು. ಹೊಸ ವಯರಿಂಗನ್ನು ಒಂದೊಂದೇ ಎಳೆಯಿಂದ ಕಟ್ಟಬೇಕಾಯಿತು. ಒಂದು ಪ್ಲೈವುಡ್ ಹಲಗೆಗೆ ಮೊಳೆ ಹೊಡೆದು, ಎಂಜಿನ್ನಿನಲ್ಲಿ ಯಾವ ಸೆನ್ಸರ್ ಎಲ್ಲಿದೆಯೋ ಅಷ್ಟೇ ದೂರಕ್ಕೆ ಗುರುತು ಹಾಕಿ, 64 ವಯರುಗಳನ್ನು ಮೊಳೆಗಳ ನಡುವೆ ಎಳೆದೆನು. ಪ್ರತಿಯೊಂದರ ಎರಡೂ ತುದಿಗೆ ನಂಬರ್ ಕಟ್ಟಿ, ಮೀಟರ್ ಹಿಡಿದು ಎರಡೆರಡು ಸಲ ನೋಡಿದೆನು. ಎಲ್ಲರೂ ವಯರಿಗೆ ಟೇಪ್ ಸುತ್ತುತ್ತಾರೆ. ನಾನು ಸುತ್ತುವುದಿಲ್ಲ. ಬಲೆಯ ನೂಲಿನಲ್ಲಿ ಮೂರು ಇಂಚಿಗೊಂದರಂತೆ ಬಲೆಯ ಗಂಟನ್ನೇ ಹಾಕುತ್ತೇನೆ. ಟೇಪ್ ಬಿಸಿಗೆ ಅಂಟು ಬಿಡುತ್ತದೆ, ಗಂಟು ಬಿಡುವುದಿಲ್ಲ. ಈ ಗಂಟು ನೋಡಿದರೆ ಧನರಾಜನ ಕೆಲಸ ಎಂದು ಬಂದರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಇದನ್ನು ಬರೆಯಬೇಕೇ ಎಂದು ತಾವು ಕೇಳಿದಿರಿ. ಬರೆಯಿರಿ, ಜೀಪಿನ ಬಾನೆಟ್ ಎತ್ತಿದರೆ ಅದೇ ಗಂಟು ಕಾಣುತ್ತದೆ, ಇದು ಬೇರೆ ಯಾರ ಕೆಲಸವೂ ಅಲ್ಲ.

ಇನ್ನು ತಪ್ಪಿನ ವಿಷಯ. ಅದಕ್ಕೆ ಮೊದಲು ನನ್ನ ಅಣ್ಣ ಜಯನ ವಿಷಯ ಹೇಳಬೇಕಾಗುತ್ತದೆ. 2009ರ ಸೆಪ್ಟೆಂಬರಿನಲ್ಲಿ ಅಣ್ಣನ ಬೋಟು ನದಿ ಸಮುದ್ರಕ್ಕೆ ಸೇರುವ ಅಳಿವೆಬಾಗಿಲಿನಲ್ಲಿ ಒಳಗೆ ಬರುತ್ತಿತ್ತು. ಅದಕ್ಕೆ ಕೂರಿಸಿದ್ದು ಲಾರಿಯ ಎಂಜಿನ್. ಲಾರಿಯಲ್ಲಿ ಇದ್ದ ಹಾಗೆಯೇ ಎಂಜಿನ್ನಿಗೆ ಕೀಯ ಮೂಲಕವೇ ಕರೆಂಟ್ ಕೊಟ್ಟಿದ್ದರು. ಕೀ ಸ್ವಿಚ್ಚಿಗೆ ಉಪ್ಪು ಹಿಡಿದಿತ್ತು. ಎರಡು ತೆರೆಗಳ ನಡುವೆ ಕರೆಂಟ್ ಕಡಿದು ಎಂಜಿನ್ ನಿಂತಿತು. ಬೋಟು ಅಡ್ಡ ತಿರುಗಿ ಮಗುಚಿತು. ದಡದಿಂದ 300 ಮೀಟರ್ ಕೂಡ ಇರಲಿಲ್ಲ, ನಾನು ದಡದಲ್ಲಿ ನಿಂತು ನೋಡುತ್ತಿದ್ದೆನು. ಅಣ್ಣ ಮೂರನೆಯ ದಿನ ಸಿಕ್ಕಿದನು.

ಆ ಮೇಲೆ ನಾನು ವಯರಿಂಗ್ ಮಾಡಿದ ಒಂದೇ ಒಂದು ಬೋಟಿನಲ್ಲಿಯೂ ಎಂಜಿನ್ ಕೀಯನ್ನು ನಂಬಿ ಓಡುವುದಿಲ್ಲ. ಕೀ ಬೇಕಾಗುವುದು ಸ್ಟಾರ್ಟ್ ಮಾಡಲು ಮಾತ್ರ. ಒಮ್ಮೆ ಎಂಜಿನ್ ತಿರುಗಿತೆಂದರೆ ಅದರ ಡೈನಮೋದಿಂದಲೇ ಇನ್ನೊಂದು ವಯರಿನಲ್ಲಿ ಕರೆಂಟ್ ಬಂದು ಎಂಜಿನ್ನನ್ನು ಓಡಿಸುತ್ತಲೇ ಇರುತ್ತದೆ. ಕೀ ಕೆಡಲಿ, ಕೀಯೇ ಸಮುದ್ರಕ್ಕೆ ಬೀಳಲಿ, ಎಂಜಿನ್ ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಕೀ ಆಫ್ ಮಾಡಿ, ಆಮೇಲೆ ಬೇರೆಯೇ ಇರುವ ಕೆಂಪು ಬಟನ್ ಒತ್ತಬೇಕು. ಹೀಗೆ 43 ಬೋಟು ಮಾಡಿದ್ದೇನೆ. ಒಂದೂ ಅಳಿವೆಯಲ್ಲಿ ನಿಂತಿಲ್ಲ.

ತಾರೀಕು 31-01-2025ರಂದು, ಕೆಲಸ ಹಿಡಿದ 26ನೇ ದಿನ, ಜೀಪಿಗೂ ನಾನು ಆ ವಯರನ್ನು ಹಾಕಿದೆನು. ಚೆನ್ನಪ್ಪ ಕೇಳಿರಲಿಲ್ಲ. ಜೀಪು ಅಳಿವೆ ದಾಟಲಿಕ್ಕಿಲ್ಲ ಎಂದು ನನಗೂ ಗೊತ್ತು. ಆದರೆ ಆ ವಯರು ಹಾಕದೆ ಕೆಲಸ ಮುಗಿಯಿತು ಎಂದು ನನ್ನ ಕೈಗೆ ಅನಿಸುವುದಿಲ್ಲ. ಕೆಂಪು ಬಟನ್ನನ್ನು ಸ್ಟೇರಿಂಗಿನ ಅಡಿಯಲ್ಲಿ, ಬಲ ಮೊಣಕಾಲಿನ ಹತ್ತಿರ ಕೂರಿಸಿದೆನು.

ತಾರೀಕು 02-02-2025, ಆದಿತ್ಯವಾರ, ಸಂಜೆ 5 ಗಂಟೆಗೆ ಜೀಪನ್ನು ನಾನೇ ಬಜ್ಜೋಡಿಗೆ ಬಿಟ್ಟುಕೊಂಡು ಹೋದೆನು. ಚೆನ್ನಪ್ಪರನ್ನು ಕೂರಿಸಿ ಕುಲಶೇಖರದ ತನಕ ಹೋಗಿ ಬಂದೆವು. ದಾರಿಯಲ್ಲಿ ಬಟನ್ನಿನ ವಿಷಯ ಹೇಳಿದೆನು. ಎಂತ ಮಾರಾಯ, ನನ್ನ ಜೀಪಿಗೆ ಬೋಟಿನ ಬಟನಾ ಎಂದು ಅವರು ನಕ್ಕರು. ನಿಮ್ಮ ಜೀಪು ಘಟ್ಟದಲ್ಲಿ ನಿಲ್ಲಬಾರದಲ್ಲ ಚೆನ್ನಪ್ಪಣ್ಣ, ಇರ್ಲಿ ಎಂದೆನು. ಅವರು ಎರಡು ಸಲ ನಿಲ್ಲಿಸಿ ನೋಡಿ ಕಲಿತುಕೊಂಡರು. ಮನೆಗೆ ವಾಪಸು ಬಂದಾಗ ಯಶ್ಮಿತಾ ಅಂಗಳದಲ್ಲಿದ್ದಳು. ಚಹಾ ಕುಡಿದು 6.15ಕ್ಕೆ ಹೊರಟೆನು.

ತಾರೀಕು 14-02-2025, ಶುಕ್ರವಾರ, ಬೆಳಿಗ್ಗೆ ಸುಮಾರು 11.20ಕ್ಕೆ ರಿಕ್ಷಾ ಚಾಲಕ ದೀಪೇಶ್ ಹಾರ್ನ್ ಸರಿ ಮಾಡಿಸಲು ಅಂಗಡಿಗೆ ಬಂದನು. ಅವನು, ಧನಣ್ಣ, ಗೊತ್ತುಂಟಾ, ನಿಮ್ಮ ಆ ಬಜ್ಜೋಡಿ ಜೀಪನ್ನು ಮಗಳು ಅಪ್ಪನ ಮೇಲೆಯೇ ಹಾಯಿಸಿದ್ದಾಳಂತೆ ಎಂದನು. ನಿನ್ನೆ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತಂತೆ, ಕೇಳಿದರೆ ನಾನು ಎಂಜಿನ್ ಆಫ್ ಮಾಡಿದ್ದೆ ಎನ್ನುತ್ತಾಳಂತೆ, ಕೀ ಅವಳ ಕೈಯಲ್ಲೇ ಇತ್ತಂತೆ, ಆಫ್ ಆದ ಜೀಪು ಹಾರ್ತದಾ ಮಾರಾಯ್ರೆ, ಸುಳ್ಳು ಹೇಳ್ಲಿಕ್ಕೂ ಒಂದು ಲೆಕ್ಕ ಬೇಡವಾ ಎಂದನು.

ಕೀ ಕೈಯಲ್ಲಿತ್ತು ಎಂದದ್ದೇ ನನಗೆ ವಿಷಯ ತಿಳಿಯಿತು. ಅವನ ಹಾರ್ನ್ ಹಾಗೆಯೇ ಬಿಟ್ಟು ಅಂಗಡಿ ಮುಚ್ಚಿದೆನು. ಆ ದಿನವೇ ಠಾಣೆಗೆ ಏಕೆ ಬರಲಿಲ್ಲ ಎಂದು ತಾವು ಕೇಳಿದಿರಿ. ಹೆದರಿದೆನು. ಬೇರೆ ಕಾರಣ ಇಲ್ಲ. ಮನೆಗೆ ಹೋಗಿ ಹೆಂಡತಿ ಗುಣವತಿಗೆ ಹೇಳಿದೆನು. ಅವಳು, ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಮಾತ್ರ ಕೇಳಿದಳು.

ಈ ದಿನ ಬೆಳಿಗ್ಗೆ 8.40ಕ್ಕೆ ಅತ್ತಾವರದ ಆಸ್ಪತ್ರೆಗೆ ಹೋದೆನು. ಐಸಿಯು ಎರಡನೇ ಮಹಡಿಯಲ್ಲಿದೆ. ಬಾಗಿಲಿನ ಹತ್ತಿರ ಬೆಂಚಿನಲ್ಲಿ ಚೆನ್ನಪ್ಪರ ಹೆಂಡತಿ ಕುಮುದಿನಿಯಕ್ಕ ಮತ್ತು ಕಮಲೇಶ್ ಕುಳಿತಿದ್ದರು. ಯಶ್ಮಿತಾ ಅಲ್ಲಿರಲಿಲ್ಲ. ಕೇಳಿದಾಗ ಕಮಲೇಶ್, ಅವಳನ್ನು ಇಲ್ಲಿಗೆ ಹತ್ತಿಸುವುದಿಲ್ಲ, ಅಣ್ಣ ಕಣ್ಣು ಬಿಟ್ಟಾಗ ಮೊದಲು ಅವಳ ಮುಖ ಕಾಣಬೇಕಾ ಎಂದರು. ಕುಮುದಿನಿಯಕ್ಕ ಸೆರಗಿನ ತುದಿಯನ್ನು ಮಡಚುತ್ತಾ ಬಿಡಿಸುತ್ತಾ ಇದ್ದರು.

ಯಶ್ಮಿತಾ ಕೆಳಗೆ ಮೆಟ್ಟಿಲಿನಲ್ಲಿ ಸಿಕ್ಕಿದಳು. ಎರಡು ದಿನದಿಂದ ಅಲ್ಲೇ ಇದ್ದಾಳೆ. ನಡೆದದ್ದನ್ನು ನಾನು ಕಂಡಿಲ್ಲ, ಅವಳು ಹೇಳಿದ್ದನ್ನು ಹೇಳುತ್ತೇನೆ. ತಾರೀಕು 13ರ ಬೆಳಿಗ್ಗೆ 7.30ಕ್ಕೆ ಜೀಪು ಬಿಡಲು ಕೊಡಿ ಎಂದು ಅವಳು ಅಪ್ಪನಲ್ಲಿ ಕೇಳಿದ್ದಳು. ಅವರು ಕೊಡದಿದ್ದಾಗ, ಈ ಜೀಪನ್ನು ಒಂದು ದಿನ ಗೋಡೆಗೆ ಗುದ್ದಿ ಪುಡಿ ಮಾಡ್ತೇನೆ ನೋಡಿ ಎಂದು ಸಿಟ್ಟಿನಲ್ಲಿ ಹೇಳಿದ್ದಳು. ಪಕ್ಕದ ಮನೆಯವರು ಕೇಳಿಸಿಕೊಂಡದ್ದು ಅದನ್ನೇ. ಆಮೇಲೆ ಅವರಿಗೆ ಮನಸ್ಸು ಕರಗಿ, ಸರಿ, ಓಣಿಯಲ್ಲಿ ಒಂದು ರೌಂಡ್ ಹೋಗಿ ಬಾ ಎಂದು ಕೀ ಕೊಟ್ಟರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಬಟನ್ನಿನ ವಿಷಯ ಅವರು ಹೇಳಲಿಲ್ಲ. 8.10ಕ್ಕೆ ಅವಳು ವಾಪಸು ಅಂಗಳಕ್ಕೆ ತಂದಳು. ಪಕ್ಕದ ಜಾಗದಲ್ಲಿ ಬೋರ್‌ವೆಲ್ ಕೊರೆಯುವ ಗದ್ದಲ ಇತ್ತು. ಚೆನ್ನಪ್ಪ ಕಲ್ಲಿನ ಕಂಪೌಂಡಿಗೆ ಬೆನ್ನು ಹಾಕಿ ಎದುರು ನಿಂತು, ಬಾ, ಬಾ, ಸಾಕು ಎಂದು ಕೈ ತೋರಿಸಿದರು. ನಾಲ್ಕು ಅಡಿ ದೂರಕ್ಕೆ ಅವಳು ನಿಲ್ಲಿಸಿದಳು. ಅಂಗಳ ಇಳಿಜಾರು, ಜೀಪಿನ ಹ್ಯಾಂಡ್ ಬ್ರೇಕ್ ಅಷ್ಟಕ್ಕಷ್ಟೆ. ಆದುದರಿಂದ ಮೊದಲಿನ ಎಂಜಿನ್ ಇದ್ದಾಗ ಅಪ್ಪ ಕಲಿಸಿದ ಹಾಗೆ ಫಸ್ಟ್ ಗೇರಿಗೆ ಹಾಕಿ, ಕೀ ಆಫ್ ಮಾಡಿ, ಕೀಯನ್ನು ಕೈಗೆ ತೆಗೆದುಕೊಂಡು, ಬ್ರೇಕ್ ಮತ್ತು ಕ್ಲಚ್ಚಿನಿಂದ ಕಾಲು ತೆಗೆದಳು. ಎಂಜಿನ್ ಓಡುತ್ತಲೇ ಇತ್ತು. ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಜೀಪು ಎದುರಿಗೆ ಹಾರಿ, ಚೆನ್ನಪ್ಪರನ್ನು ಕಂಪೌಂಡಿಗೆ ಒತ್ತಿ, ಅಲ್ಲೇ ಎಂಜಿನ್ ಬಂದ್ ಆಯಿತು. ಬಂದ್ ಆದ ಮೇಲೆ ಆ ವಯರಿನಲ್ಲಿ ಕರೆಂಟ್ ಇರುವುದಿಲ್ಲ. ಮತ್ತೆ ಯಾರು ಬಂದು ನೋಡಿದರೂ ಅದು ಕೀ ಇಲ್ಲದೆ ಸುಮ್ಮನೆ ನಿಂತ ಜೀಪು.

ಇಷ್ಟು ಹೇಳಿ ಯಶ್ಮಿತಾ, ಧನಣ್ಣ, ನಾನು ಕೀ ತೆಗೆದಿದ್ದೆ, ಸತ್ಯವಾಗಿ ತೆಗೆದಿದ್ದೆ, ಆದರೆ ಎಲ್ಲರೂ ಹೇಳಿ ಹೇಳಿ ಈಗ ನನಗೇ ಡೌಟ್ ಬರ್ತಾ ಉಂಟು, ಗುದ್ದಬೇಕು ಅಂತ ನಾನೇ ಮಾಡಿದೆನಾ ಎಂದು ಕೇಳಿದಳು. ನನಗೆ ಅಲ್ಲಿಯೇ ನೆಲ ಬಾಯಿ ಬಿಡಬಾರದೇ ಎನಿಸಿತು. ಇಲ್ಲ ಮಗಾ, ನೀನಲ್ಲ, ಏಳು, ನನ್ನ ಜೊತೆ ಬಾ ಎಂದೆನು. ಮೇಲೆ ಹೋಗಿ ಕಮಲೇಶರನ್ನೂ ಕರೆದೆನು. ಬರುವುದಿಲ್ಲ ಎಂದರು. ಕುಮುದಿನಿಯಕ್ಕ, ಹೋಗಿ ನೋಡಿ ಬಾ ಎಂದು ಒಂದೇ ಮಾತು ಹೇಳಿದಾಗ ಎದ್ದರು.

ಮಧ್ಯಾಹ್ನ 12.40ಕ್ಕೆ ಠಾಣೆಯ ಅಂಗಳದಲ್ಲಿ, ತಾವು, ಹೆಡ್ ಕಾನ್‌ಸ್ಟೇಬಲ್, ಕಮಲೇಶ್ ಮತ್ತು ಯಶ್ಮಿತಾ ಇರುವಾಗ, ದೂರಿನ ಮೇಲೆ ತಾವು ತರಿಸಿ ಇಟ್ಟಿದ್ದ ಜೀಪಿಗೆ ನಾನು ಬ್ಯಾಟರಿ ಜೋಡಿಸಿ ಕೊಟ್ಟೆನು. ಹೆಡ್ ಕಾನ್‌ಸ್ಟೇಬಲ್ ಜೀಪನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕೀ ಆಫ್ ಮಾಡಿ, ಹೊರಗೆ ತೆಗೆದರು. ಎಂಜಿನ್ ನಿಲ್ಲಲಿಲ್ಲ. ಇದೆಂತ ಮಾರಾಯ್ರೆ ಎಂದು ಅವರು ಕೀಯನ್ನು ಇನ್ನೊಮ್ಮೆ ಹಾಕಿ ತಿರುಗಿಸಿ ತೆಗೆದರು. ಆಗಲೂ ನಿಲ್ಲಲಿಲ್ಲ. ತಮ್ಮ ಗಡಿಯಾರದ ಪ್ರಕಾರ ನಾಲ್ಕು ನಿಮಿಷ ಓಡಿತು. ನಾನು ಬಟನ್ ಒತ್ತಿದ ಮೇಲೆ ನಿಂತಿತು. ಯಶ್ಮಿತಾ ಹೆಡ್ ಕಾನ್‌ಸ್ಟೇಬಲ್ ಕೈಯಿಂದ ಕೀಯನ್ನು ತೆಗೆದುಕೊಂಡು ನೋಡುತ್ತಾ ನಿಂತಳು, ಆಮೇಲೆ ಅಲ್ಲಿಯೇ ನೆಲದಲ್ಲಿ ಕುಳಿತು ಅತ್ತಳು. ಕಮಲೇಶ್ ಅವಳ ಹತ್ತಿರ ಹೋಗಿ, ಏಳು, ಅಪ್ಪನ ಹತ್ತಿರ ಹೋಗುವ ಎಂದರು. 1.05ಕ್ಕೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು.

ಇಲ್ಲಿಯ ತನಕ ಬರೆದದ್ದನ್ನು ತಾವು ಓದಿ ಹೇಳಿದಿರಿ. ಬಟನ್ನಿನ ವಿಷಯವನ್ನು ಮಗಳಿಗೆ ತಿಳಿಸಲು ಮರೆತೆನು ಎಂದು ಕೊನೆಗೆ ಸೇರಿಸಿದರೆ ಸಾಕು ಎಂದಿರಿ. ಅದು ಸರಿಯಲ್ಲ. ನಾನು ಮರೆತದ್ದಲ್ಲ. ತಾರೀಕು 02-02-2025ರ ಸಂಜೆಯ ಮಾತು ಹೇಳುವಾಗ ನಾನು ಒಂದನ್ನು ಬಿಟ್ಟಿದ್ದೆನು. ಅದನ್ನು ಬರೆಯದಿದ್ದರೆ ನಾನು ಸಹಿ ಹಾಕುವುದಿಲ್ಲ ಎಂದದ್ದರಿಂದ ಈಗ ಬರೆಯಲಾಗಿದೆ.

ಆ ಸಂಜೆ ಅಂಗಳದಲ್ಲಿ ಯಶ್ಮಿತಾ ಜೀಪಿನೊಳಗೆ ಬಗ್ಗಿ ನೋಡಿ, ಧನಣ್ಣ, ಈ ಕೆಂಪು ಬಟನ್ ಎಂತದ್ದು ಎಂದು ಕೇಳಿದ್ದಳು. ಅದು ಗಾಡಿ ಬಿಡುವವರಿಗೆ ಮಾರಾಯ್ತಿ, ನಿನಗೆ ಎಂತಕ್ಕೆ, ನೀನು ಸೈಡ್ ಸೀಟಿನಲ್ಲಿ ಕೂತು ಫೋಟೋ ತೆಗಿ ಎಂದು ನಾನು ಹೇಳಿದೆನು. ಚೆನ್ನಪ್ಪ ನಕ್ಕರು. ನಾನೂ ನಕ್ಕೆನು. ಅವಳು ನಗಲಿಲ್ಲ. ಅವಳು ಕೇಳಿದ್ದಳು, ನಾನು ಹೇಳಲಿಲ್ಲ.

ನಾನು ತುಳು ಮತ್ತು ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಹೇಳಿದಂತೆಯೇ ಇದೆ, ಈಗ ಬಿಟ್ಟುಹೋದದ್ದು ಯಾವುದೂ ಇಲ್ಲ.

ಸ್ಥಳ: ಮಂಗಳೂರು
ತಾರೀಕು: 15-02-2025, ಮಧ್ಯಾಹ್ನ 2.30
ಸಹಿ: ಧನರಾಜ್