ತಾತನಿಗೆ ಹಲ್ಲುನೋವು

ನಂಬುವ ಹಾಗೆ ಹೇಳಲು ನನಗೆ ಬರುವುದಿಲ್ಲ. ಆದರೂ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದೆ. ಪಕ್ಕದಲ್ಲಿ ಎಪ್ಪತ್ತರ ಹೆಂಗಸೊಬ್ಬರು, ಅವರ ಜೊತೆ ಮೂವತ್ತು ದಾಟಿರದ ಯುವಕ. ಆಕೆ ಅವನನ್ನು ತಾತ ಎನ್ನುತ್ತಿದ್ದರು. ತಮಾಷೆಗಿರಬೇಕು ಎಂದುಕೊಂಡೆ.

“ನೋವು ಹೇಗಿದೆ ತಾತ?”

“ಪ್ರಾಣ ಹೋಗ್ತಿದೆ ಕಣೇ ಪುಟ್ಟಿ!” ಅವನ ಮುಖ ಅರಳಿತ್ತು.

“ಹಲ್ಲು ಕಿರೀಬೇಡ, ಜನ ನೋಡ್ತಿದಾರೆ.”

“ನೋಡ್ಲಿ ಬಿಡು. ಇನ್ನೂರು ವರ್ಷದಲ್ಲಿ ಒಂದು ನೆಗಡಿಯಾದ್ರೂ ಬಂದಿತ್ತಾ ನನಗೆ? ನಿಮ್ಮಜ್ಜಿನ ಕಳಿಸಿದೆ, ನಿಮ್ಮಪ್ಪನ್ನ ಕಳಿಸಿದೆ. ನಾನೊಬ್ಬ ಗೂಟ ಹೊಡ್ಕೊಂಡು ಕೂತಿದ್ದೆ.”

“ನಾನೂ ಹೋದ್ಮೇಲೆ ಆ ಎಂಬತ್ತು ಕೋಣೆ ಮನೇಲಿ ನಿನ್ನ ಗತಿಯೇನು ಅಂತ ಎಷ್ಟು ನಿದ್ದೆಗೆಟ್ಟಿದೀನಿ, ಗೊತ್ತಾ?”

“ಹಲ್ಲು ಹುಳುಕಾಗಿದೆ ಅಂದ್ರೆ ನಾನೂ ಸವೀತಿದೀನಿ ಅಂತ ತಾನೇ?”

“ಡಾಕ್ಟ್ರು ಹೇಳ್ಲಿ. ಊರನ್ನೇ ಕೊಳ್ಳೋಷ್ಟು ದುಡ್ಡಿದೆ, ಅವರನ್ನ ಮನೆಗೇ ಕರೆಸ್ಬಹುದಿತ್ತು.”

“ಅಷ್ಟು ದುಡ್ಡು ಸುರಿದ್ರೂ ಒಂದು ಬಿಳಿ ಕೂದಲು ಸಿಗ್ಲಿಲ್ಲ ಕಣೇ. ಇದು ಪುಕ್ಕಟೆ ಬಂದಿದೆ. ಎಲ್ಲರ ಹಾಗೆ ಸರದೀಲೇ ಕೂತ್ಕೊಳ್ತೀನಿ.”

ನರ್ಸ್ ಬಂದು, ಇನ್ನೂ ಅರ್ಧ ಗಂಟೆಯಾಗುತ್ತದೆ ಎಂದಳು.

“ಅರ್ಧ ಗಂಟೆನಾ? ಇಲ್ಲೇ ಕೂತು ಹೊತ್ತು ಕಳೆಯೋಕೆ ನನಗೇನು ಬೇರೆ ಕೆಲಸ ಇಲ್ವಾ?” ಅವನು ಸಿಡುಕಿದ.

ಆಕೆ ಥಟ್ಟನೆ ಅವನ ಕೈ ಹಿಡಿದುಕೊಂಡರು. “ತಾತ, ಹೊತ್ತು ಹಾಳಾಗತ್ತೆ ಅನ್ನೋ ಮಾತು ನಿನ್ನ ಬಾಯಲ್ಲಿ ಯಾವತ್ತೂ ಕೇಳಿರ್ಲಿಲ್ಲ.”

ಅವನು ಆಕೆಯನ್ನು ನೋಡಿದ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಸರದಿ ನನ್ನದಾಗಿತ್ತು, ಅವರಿಗೆ ಬಿಟ್ಟುಕೊಟ್ಟೆ. ಕೈ ಹಿಡಿದೇ ಒಳಗೆ ಹೋದರು. ಡಾಕ್ಟರು ಅವನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ.